ಪೆಟ್ಟಿಗೆ ಒಂದೇ, ಲೆಕ್ಕ ನೂರೆಂಟು

1998ರ ಆಗಸ್ಟ್ 15ರಂದು ಅಮೆರಿಕದ ಅಂಗಡಿಗಳಿಗೆ ಬಂದ ಮೊದಲ ಐಮ್ಯಾಕ್ ಕಂಪ್ಯೂಟರಿನ ಬೆಲೆ 1,299 ಡಾಲರ್. 2002ರ ಜನವರಿಯಲ್ಲಿ ಆ್ಯಪಲ್ ಕಂಪನಿ ಚಪ್ಪಟೆ ಪರದೆಯ ಐಮ್ಯಾಕ್ ತೋರಿಸಿದಾಗ ಹೇಳಿದ ಆರಂಭಿಕ ಬೆಲೆಯೂ 1,299. 2021ರಲ್ಲಿ ತನ್ನದೇ ಎಂ1 ಚಿಪ್ ಕೂರಿಸಿ, ಪೆಟ್ಟಿಗೆಯ ದಪ್ಪವನ್ನು 11.5 ಮಿಲಿಮೀಟರ್‌ಗೆ ಇಳಿಸಿ ಬಿಟ್ಟ ಐಮ್ಯಾಕ್‌ಗೂ 1,299. 2024ರ ಎಂ4 ಮಾದರಿಗೂ ಅಷ್ಟೇ. ನಡುವೆ ಏರಿದ್ದುಂಟು, 999ಕ್ಕೆ ಇಳಿದದ್ದೂ ಉಂಟು. ಆದರೂ ಸುತ್ತಿ ಬಳಸಿ ಬೆಲೆ ಅದೇ ಅಂಕಿಯ ಹತ್ತಿರ ಬಂದು ನಿಲ್ಲುತ್ತದೆ.

ಅಂಕಿ ಒಂದೇ ಆದರೂ ಬೆಲೆ ಒಂದೇ ಅಲ್ಲ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು ಲೆಕ್ಕ ಹಾಕಿದರೆ 1998ರ 1,299 ಡಾಲರ್ 2024ರ ಸುಮಾರು 2,500 ಡಾಲರ್‌ಗೆ ಸಮ. ಅಂದರೆ ಯಂತ್ರದ ನಿಜವಾದ ಬೆಲೆ ಅರ್ಧಕ್ಕೆ ಇಳಿದಿದೆ. ಒಳಗಿನ ಪರದೆ, ಚಿಪ್, ಮೆಮೊರಿ ಎಲ್ಲವೂ ಬದಲಾಗಿವೆ. ಬದಲಾಗದೆ ಉಳಿದದ್ದು ಪೆಟ್ಟಿಗೆಯ ಮೇಲಿನ ಅಂಕಿ. ಇದು ಕಾಕತಾಳೀಯವಲ್ಲ. ಕಂಪ್ಯೂಟರ್ ತಯಾರಾದ ಮೇಲೆ ಅಸಲು ಕೂಡಿಸಿ, ಲಾಭ ಸೇರಿಸಿ ಬೆಲೆ ಹೇಳುವುದು ನಮಗೆ ಸಹಜವಾಗಿ ತೋಚುವ ಕ್ರಮ. ಪರದೆ, ಕಂಪ್ಯೂಟರ್, ಸ್ಪೀಕರ್ ಎಲ್ಲ ಒಂದರೊಳಗೇ ಇರುವ ‘ಆಲ್ ಇನ್ ಒನ್’ ಯಂತ್ರಕ್ಕೆ ಆ ಕ್ರಮ ಹೊಂದುವುದಿಲ್ಲ. ಅಲ್ಲಿ ಬೆಲೆಯೂ ವಿನ್ಯಾಸದ ಒಂದು ಭಾಗ. ಸ್ಕ್ರೂ ಎಲ್ಲಿ ಕೂರಬೇಕು ಎನ್ನುವಷ್ಟೇ ಮುಂಚಿತವಾಗಿ ಅದೂ ತೀರ್ಮಾನವಾಗಬೇಕು. ಆಗದಿದ್ದರೆ ಏನಾಗುತ್ತದೆ, ಆದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಕಂಪನಿಯ ಎರಡು ಯಂತ್ರಗಳು ಸಾಕ್ಷಿ: 1984ರ ಮ್ಯಾಕಿಂಟಾಷ್ ಮತ್ತು 1998ರ ಐಮ್ಯಾಕ್.

ಮೊದಲು ಈ ಜಾತಿಯ ಯಂತ್ರದ ಸ್ವಭಾವ ನೋಡೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸಿಕೊಂಡವರಿಗೆ ಗೊತ್ತು: ಕ್ಯಾಬಿನೆಟ್ ಈ ಅಂಗಡಿಯದು, ಮಾನಿಟರ್ ಪಕ್ಕದ ಅಂಗಡಿಯದು, ರ‍್ಯಾಮ್ ಈಗ ಎಂಟು ಜಿಬಿ ಹಾಕಿಸಿ ಮುಂದಿನ ವರ್ಷ ಇನ್ನೆಂಟು ಸೇರಿಸಿದರಾಯಿತು. ಪ್ರತಿ ಭಾಗಕ್ಕೂ ಪ್ರತ್ಯೇಕ ಬೆಲೆ, ಪ್ರತಿ ಬೆಲೆಗೂ ಪ್ರತ್ಯೇಕ ಚೌಕಾಸಿ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲಿಸಬೇಕು ಎನ್ನುವುದು ಗಿರಾಕಿಗೆ ಬಿಟ್ಟದ್ದು. ಆಲ್ ಇನ್ ಒನ್ ಹಾಗಲ್ಲ. ಅದು ಹೋಟೆಲಿನ ಪ್ಲೇಟ್ ಮೀಲ್ಸ್ ಇದ್ದಂತೆ. ಪಲ್ಯ ಎಷ್ಟು, ಸಾರು ಎಷ್ಟು, ಸಿಹಿ ಇರಬೇಕೋ ಬೇಡವೋ ಎಲ್ಲವನ್ನೂ ಅಡುಗೆಮನೆಯಲ್ಲೇ ತೀರ್ಮಾನಿಸಿ ಆಗಿದೆ, ಒಟ್ಟಿಗೆ ಒಂದು ದರ. ಗಿರಾಕಿಯ ಪರವಾಗಿ ಕಂಪನಿಯೇ ಚೌಕಾಸಿ ಮುಗಿಸಿರುತ್ತದೆ. ಆ ಚೌಕಾಸಿಯಲ್ಲಿ ಎಡವಿದರೆ ಸರಿಮಾಡಿಕೊಳ್ಳಲು ಗಿರಾಕಿಗೆ ದಾರಿಯೇ ಇರುವುದಿಲ್ಲ.

ಎಲ್ಲವನ್ನೂ ಒಂದೇ ಮೈಯಲ್ಲಿ ಕೂರಿಸುವ ಆಲೋಚನೆ ಆ್ಯಪಲ್‌ನದೇನೂ ಅಲ್ಲ. 1977ರಲ್ಲೇ ಕಮಡೋರ್ ಕಂಪನಿಯ ‘ಪೆಟ್’ ಪರದೆ, ಕೀಬೋರ್ಡ್, ಕ್ಯಾಸೆಟ್ ರೆಕಾರ್ಡರ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಬಂದಿತ್ತು. ಅದರ ಎಂಟು ಕಿಲೋಬೈಟ್ ಮೆಮೊರಿಯ ಮಾದರಿಗೆ 795 ಡಾಲರ್. ಆದರೆ ಬೆಲೆಯನ್ನೇ ಮುಂದಿಟ್ಟುಕೊಂಡು ಮನೆಯ ಯಂತ್ರದ ಕನಸು ಕಂಡವರಲ್ಲಿ ಎದ್ದು ಕಾಣುವ ಹೆಸರು ಜೆಫ್ ರಾಸ್ಕಿನ್. 1979ರಲ್ಲಿ ಆ್ಯಪಲ್‌ನೊಳಗೆ ಮ್ಯಾಕಿಂಟಾಷ್ ಯೋಜನೆ ಆರಂಭಿಸಿದವರು ಅವರು. ಬೀದಿಯಲ್ಲಿ ಓಡಾಡುವ ಸಾಮಾನ್ಯ ಮನುಷ್ಯ ಬಳಸುವಂಥ ಕಂಪ್ಯೂಟರ್ ಅವರ ಗುರಿ. ವೈರುಗಳ ಗೋಜಲು ಇರಕೂಡದು, ಎಲ್ಲ ಒಂದೇ ಮುದ್ದೆಯಾಗಿರಬೇಕು, ಕೊಂಡವನು ಅದನ್ನು ಬಿಚ್ಚಿ ನೋಡುವ ಪ್ರಸಂಗವೇ ಬರಬಾರದು, ಬೆಲೆ 500 ಡಾಲರ್ ದಾಟಬಾರದು.

ರಾಸ್ಕಿನ್ ಅವರ ಹಟದಲ್ಲಿ ತರ್ಕವಿತ್ತು. ಗಿರಾಕಿ ತನಗೆ ಬೇಕಾದ ಕಾರ್ಡು, ಬೇಕಾದ ಮಾನಿಟರ್ ಸೇರಿಸಿಕೊಳ್ಳಬಹುದಾದರೆ ಲೋಕದಲ್ಲಿ ಸಾವಿರ ಬಗೆಯ ಜೋಡಣೆಗಳು ಹುಟ್ಟುತ್ತವೆ. ತಂತ್ರಾಂಶ ಬರೆಯುವವರು ಅಷ್ಟಕ್ಕೂ ಹೊಂದುವಂತೆ ಬರೆಯಬೇಕು. ಎಲ್ಲ ಯಂತ್ರಗಳೂ ಒಂದೇ ಥರ ಇದ್ದರೆ ಪರದೆಯಲ್ಲಿ ಎಷ್ಟು ಚುಕ್ಕಿ, ಮೆಮೊರಿಯಲ್ಲಿ ಎಷ್ಟು ಜಾಗ ಎಂಬುದು ಬರೆಯುವವನಿಗೆ ಮೊದಲೇ ಗೊತ್ತು. ಪರೀಕ್ಷೆಯ ಖರ್ಚು ಇಳಿಯುತ್ತದೆ, ದೂರುಗಳು ಕಡಿಮೆಯಾಗುತ್ತವೆ. ಒಂದೇ ಪೆಟ್ಟಿಗೆ ಎಂಬುದು ಚಂದದ ಮಾತಷ್ಟೇ ಅಲ್ಲ, ಉಳಿತಾಯದ ಮಾತೂ ಹೌದು.

ಆದರೆ 500 ಡಾಲರ್ ಕಾಗದದ ಮೇಲೇ ಉಳಿಯಿತು. 1981ರ ಹೊತ್ತಿಗೆ ಯೋಜನೆಯ ಚುಕ್ಕಾಣಿ ಸ್ಟೀವ್ ಜಾಬ್ಸ್ ಕೈಗೆ ಬಂತು, ರಾಸ್ಕಿನ್ ಹೊರನಡೆದರು. ಅಷ್ಟರಲ್ಲೇ ಬರೆಲ್ ಸ್ಮಿತ್ ಎಂಬ ಯುವ ಎಂಜಿನಿಯರ್ ಅಗ್ಗದ ಪ್ರೊಸೆಸರ್ ಬಿಟ್ಟು ಮೋಟೊರೋಲಾದ 68000 ಚಿಪ್ ಸುತ್ತ ಹೊಸ ಬೋರ್ಡ್ ರೂಪಿಸಿದ್ದರು. ಚಿತ್ರಗಳ ಮೂಲಕ ಕೆಲಸ ಮಾಡಿಸಿಕೊಳ್ಳುವ ತೆರೆ, ಮೌಸ್, ಸೋನಿಯ ಮೂರೂವರೆ ಇಂಚಿನ ಫ್ಲಾಪಿ ಸೇರಿಕೊಂಡವು. ಒಂದೊಂದು ಸೇರಿದಾಗಲೂ ಗುರಿಯ ಬೆಲೆ ಮೇಲಕ್ಕೆ ಸರಿಯಿತು: ಸಾವಿರ, ಒಂದೂವರೆ ಸಾವಿರ, ಕೊನೆಗೆ 1,995 ಡಾಲರ್. 1983ರಲ್ಲಿ 9,995 ಡಾಲರ್‌ಗೆ ಬಂದಿದ್ದ ಆ್ಯಪಲ್‌ನದೇ ‘ಲಿಸಾ’ದ ಮುಂದೆ ಇದು ಅಗ್ಗವಾಗಿಯೇ ಕಾಣುತ್ತಿತ್ತು.

ಈ ಬೆಲೆಯೊಳಗೆ ಯಂತ್ರವನ್ನು ಹಿಡಿಸಲು ಬಲಿಕೊಟ್ಟದ್ದು ಮೆಮೊರಿಯನ್ನು. ಲಿಸಾದಲ್ಲಿ ಒಂದು ಮೆಗಾಬೈಟ್ ಇತ್ತು. ಮ್ಯಾಕಿಂಟಾಷ್‌ಗೆ ಸಿಕ್ಕಿದ್ದು 128 ಕಿಲೋಬೈಟ್, ಅಂದರೆ ಎಂಟನೇ ಒಂದು ಪಾಲು. ಬೋರ್ಡಿನ ಮೇಲೆ 64 ಕಿಲೋಬಿಟ್‌ನ ಹದಿನಾರು ಮೆಮೊರಿ ಚಿಪ್‌ಗಳು ಸಾಲಾಗಿ ಕೂತಿದ್ದವು. ಅದರ ನಾಲ್ಕು ಪಟ್ಟು ಹಿಡಿಸುವ 256 ಕಿಲೋಬಿಟ್ ಚಿಪ್ ಆಗಷ್ಟೇ ಮಾರುಕಟ್ಟೆಗೆ ಬರುತ್ತಿತ್ತು, ಬೆಲೆ ಕೈಗೆಟಕುತ್ತಿರಲಿಲ್ಲ.

128 ಕಿಲೋಬೈಟ್ ಎಷ್ಟು ಇಕ್ಕಟ್ಟು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂಬತ್ತು ಇಂಚಿನ ಕಪ್ಪು-ಬಿಳುಪು ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ, ಒಟ್ಟು 1,75,104. ಚುಕ್ಕಿಗೊಂದು ಬಿಟ್ ಎಂದರೂ ಪರದೆಯ ಚಿತ್ರ ಇಟ್ಟುಕೊಳ್ಳಲಿಕ್ಕೇ 21,888 ಬೈಟ್ ಬೇಕು. ಇರುವ ಮೆಮೊರಿಯ ಆರನೇ ಒಂದು ಪಾಲು ಏನೂ ಕೆಲಸ ಮಾಡುವ ಮುಂಚೆಯೇ ಖಾಲಿ! ಯಂತ್ರದ ಮೂಲ ತಂತ್ರಾಂಶಕ್ಕೆ ಒಂದು ಪಾಲು, ತೆರೆದ ಪ್ರೋಗ್ರಾಂಗೆ ಇನ್ನೊಂದು ಪಾಲು ಹೋದರೆ ಬರೆಯುವವನ ಬರಹಕ್ಕೆ ಉಳಿಯುವುದು ಅಲ್ಪಸ್ವಲ್ಪ. ಜೊತೆಗೆ ಕೊಟ್ಟಿದ್ದ ಮ್ಯಾಕ್‌ರೈಟ್‌ನ ಮೊದಲ ಆವೃತ್ತಿಯಲ್ಲಿ ಎಂಟ್ಹತ್ತು ಪುಟ ದಾಟಿದ ಬರಹಕ್ಕೆ ಜಾಗವೇ ಇರುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಇಲ್ಲ, ಇರುವುದೊಂದೇ ಫ್ಲಾಪಿ ಡ್ರೈವ್. ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ಪ್ರತಿ ಮಾಡಬೇಕೆಂದರೆ ಮೆಮೊರಿಯಲ್ಲಿ ಹಿಡಿಸಿದಷ್ಟನ್ನು ಓದಿಸಿ, ತೆಗೆದು, ಇನ್ನೊಂದನ್ನು ಹಾಕಿ, ಬರೆಸಿ, ಮತ್ತೆ ಮೊದಲಿನದನ್ನು ಹಾಕುತ್ತ ಕೂರಬೇಕು. ಕೊಂಡವರು ದಿನಕ್ಕೆ ಹತ್ತಾರು ಸಲ ಈ ತೆಗೆದು-ಹಾಕುವ ಕಸರತ್ತು ಮಾಡಿದರು.

ಹೆಚ್ಚಿನ ಮೆಮೊರಿ ಮುಂದೆ ಸೇರಿಸಿಕೊಳ್ಳೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಬೇರೆ ಕಾರ್ಡು ಹಾಕುವ ಸ್ಲಾಟ್ ಬೇಡವೇ ಬೇಡ ಎಂದು ಜಾಬ್ಸ್ ಪಟ್ಟು ಹಿಡಿದಿದ್ದರು. ಎಂಜಿನಿಯರುಗಳು ‘ದೋಷ ಪತ್ತೆಯ ಪೋರ್ಟ್’ ಎಂಬ ಹೆಸರಿಟ್ಟು ಒಂದನ್ನು ಗುಟ್ಟಾಗಿ ನುಸುಳಿಸಲು ನೋಡಿದರು. ಗುಟ್ಟು ರಟ್ಟಾಗಿ ಅದನ್ನೂ ತೆಗೆಸಲಾಯಿತು. ಪೆಟ್ಟಿಗೆ ಬಿಚ್ಚಬೇಕೆಂದರೆ ಹಿಡಿಕೆಯ ಕೆಳಗೆ ಆಳದಲ್ಲಿ ಕೂತ ನಕ್ಷತ್ರಾಕಾರದ ಸ್ಕ್ರೂಗಳಿಗೆ ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕು. ಗಿರಾಕಿ ಎಂದೂ ನೋಡದ ಆ ಒಳಮೈಯಲ್ಲಿ ಯಂತ್ರ ಮಾಡಿದವರೆಲ್ಲರ ಸಹಿಗಳನ್ನು ಅಚ್ಚು ಹಾಕಿಸಿದ್ದರು. ಒಂದು ಕಡೆ ಅಷ್ಟು ಮಮತೆ, ಇನ್ನೊಂದು ಕಡೆ ಕೊಂಡವನ ಕೈ ಒಳಗೆ ಹೋಗಬಾರದೆಂಬ ಅಷ್ಟು ಬಿಗಿ. ಬರೆಲ್ ಸ್ಮಿತ್ ಮಾತ್ರ ಮುಂದಾಲೋಚನೆಯಿಂದ ಬೋರ್ಡಿನ ತಂತಿದಾರಿಗಳನ್ನು ಮುಂದೆ ದೊಡ್ಡ ಚಿಪ್ ಬಂದರೂ ಹೊಂದುವಂತೆ ಎಳೆದಿಟ್ಟಿದ್ದರು.

ಇಷ್ಟೆಲ್ಲ ಅಳೆದೂ ಸುರಿದೂ 1,995ಕ್ಕೆ ತಂದ ಬೆಲೆ ಬಿಡುಗಡೆಗೆ ಕೆಲವೇ ತಿಂಗಳು ಮುಂಚೆ ಕೈಮೀರಿತು. ಪೆಪ್ಸಿಯಿಂದ ಬಂದು 1983ರಲ್ಲಿ ಆ್ಯಪಲ್‌ನ ಮುಖ್ಯಸ್ಥರಾದ ಜಾನ್ ಸ್ಕಲ್ಲಿ ಪ್ರಚಾರದ ವೆಚ್ಚವನ್ನು ಲೆಕ್ಕಕ್ಕೆ ತಂದರು. ರಿಡ್ಲಿ ಸ್ಕಾಟ್ ನಿರ್ದೇಶಿಸಿದ ದುಬಾರಿ ಜಾಹೀರಾತು ಸೂಪರ್ ಬೌಲ್ ಪಂದ್ಯದ ನಡುವೆ ಬರಬೇಕಿತ್ತು. ಅದ್ದೂರಿ ಬಿಡುಗಡೆಯೂ ಬೇಕು, ಕಡಿಮೆ ಬೆಲೆಯೂ ಬೇಕು ಎಂದರೆ ನಡೆಯದು ಎಂಬುದು ಅವರ ವಾದ. 500 ಡಾಲರ್ ಏರಿತು. 1984ರ ಜನವರಿ 24ರಂದು ಕ್ಯುಪರ್ಟಿನೋದ ಫ್ಲಿಂಟ್ ಸೆಂಟರ್ ಸಭಾಂಗಣದಲ್ಲಿ ಮ್ಯಾಕಿಂಟಾಷ್ ಹೊರಬಂದಾಗ ಬೆಲೆ 2,495 ಡಾಲರ್. ರಾಸ್ಕಿನ್ ಅಂದುಕೊಂಡಿದ್ದ 500 ಡಾಲರ್ ಪೂರ್ತಿ ಕಂಪ್ಯೂಟರಿನ ಬೆಲೆ. ಈಗ ಅಷ್ಟೇ ಮೊತ್ತ ಬರೀ ಹೆಚ್ಚುವರಿಯಾಗಿ ಸೇರಿತು. ತಂಡದವರಿಗೆ ಇದು ದ್ರೋಹದಂತೆ ಕಂಡಿತೆಂದು ತಂತ್ರಾಂಶ ಬರೆದವರಲ್ಲಿ ಒಬ್ಬರಾದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಮುಂದೆ ನೆನಪಿಸಿಕೊಂಡಿದ್ದಾರೆ.

ಸ್ಕಲ್ಲಿಯವರನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಜಾಬ್ಸ್ ಕೂಡ ಎಷ್ಟೋ ವರ್ಷಗಳ ನಂತರವೂ ಆ 500 ಡಾಲರನ್ನೇ ದೂರುತ್ತಿದ್ದರು. ಅದರಲ್ಲಿ ಹುರುಳಿಲ್ಲದಿಲ್ಲ. ಫ್ರೀಮಾಂಟ್‌ನಲ್ಲಿ ಸುಮಾರು ಎರಡು ಕೋಟಿ ಡಾಲರ್ ಸುರಿದು ಸ್ವಯಂಚಾಲಿತ ಕಾರ್ಖಾನೆ ಕಟ್ಟಲಾಗಿತ್ತು. ಅಂಥ ಕಾರ್ಖಾನೆಯ ಖರ್ಚು ತಿಂಗಳಿಗೆ ಸಾವಿರ ಯಂತ್ರ ಮಾಡಿದರೂ ಅಷ್ಟೇ, ಲಕ್ಷ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚು ಮಾರಿದರೆ ಒಂದೊಂದರ ಮೇಲೆ ಬೀಳುವ ಭಾರ ಹಗುರ. ಬೆಲೆ ಏರಿಸಿ ಮಾರಾಟ ಕುಗ್ಗಿಸಿಕೊಂಡರೆ ಭಾರ ಹೆಚ್ಚುತ್ತದೆ, ಮತ್ತೆ ಬೆಲೆ ಇಳಿಸಲು ಆಗುವುದಿಲ್ಲ. ಅದೇ ವೇಳೆ ಅಮೆರಿಕದ ಆಯ್ದ ವಿಶ್ವವಿದ್ಯಾಲಯಗಳ ಕೂಟದ ಮೂಲಕ ವಿದ್ಯಾರ್ಥಿಗಳಿಗೆ ಇದೇ ಯಂತ್ರ ಸಾವಿರ ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ಬೆಲೆ ಕೈಗೆಟಕಿದಾಗ ಮ್ಯಾಕ್ ಕಾಲೇಜು ಕೋಣೆಗಳಲ್ಲಿ ಬೇರುಬಿಟ್ಟಿತು.

ಆದರೂ ಬೆಲೆಯೊಂದೇ ಮುಳುವಾಯಿತು ಎನ್ನಲಾಗದು. 2,495 ಕೊಟ್ಟು ತಂದವನಿಗೆ ಬೇಸರವಾಗಿದ್ದು ಕೊಟ್ಟ ದುಡ್ಡಿಗಿಂತ ಹೆಚ್ಚಾಗಿ ಆ ಫ್ಲಾಪಿ ಕಸರತ್ತಿನಿಂದ. ಮೊದಲ ನೂರು ದಿನಗಳಲ್ಲಿ 50 ಸಾವಿರ ಮಾರುವ ಗುರಿಯನ್ನು ಮ್ಯಾಕ್ ಸುಲಭವಾಗಿ ದಾಟಿತು. ಬೆರಗು ಕರಗಿದ ಮೇಲೆ ವರ್ಷದ ಕೊನೆಗೆ ಮಾರಾಟ ತಿಂಗಳಿಗೆ ಹತ್ತು ಸಾವಿರದ ಕೆಳಗೆ ಬಂತು. ಸೆಪ್ಟೆಂಬರ್‌ನಲ್ಲೇ 512 ಕಿಲೋಬೈಟ್‌ನ ಮಾದರಿ ತರಬೇಕಾಯಿತು, 3,195 ಡಾಲರ್‌ಗೆ. ಸ್ಮಿತ್ ಎಳೆದಿಟ್ಟ ತಂತಿದಾರಿಗಳು ಆಗ ಉಪಯೋಗಕ್ಕೆ ಬಂದವು. ಒಂದು ಮೆಗಾಬೈಟ್ ಮೆಮೊರಿ, ಹಾರ್ಡ್ ಡಿಸ್ಕ್ ಜೋಡಿಸಲು ಪೋರ್ಟ್ ಇರುವ ಮ್ಯಾಕ್ ಪ್ಲಸ್ ಬಂದದ್ದು 1986ರ ಜನವರಿಯಲ್ಲಿ. ಜಾಬ್ಸ್ ಅಷ್ಟರಲ್ಲಿ ಕಂಪನಿ ಬಿಟ್ಟಾಗಿತ್ತು.

ಅವರು ಮರಳಿದ್ದು 1997ರಲ್ಲಿ. ಆ ಆರ್ಥಿಕ ವರ್ಷ ಆ್ಯಪಲ್ ನೂರು ಕೋಟಿ ಡಾಲರ್ ಮೀರಿದ ನಷ್ಟದಲ್ಲಿತ್ತು. ಕಾಂಪ್ಯಾಕ್‌ನಂಥ ಕಂಪನಿಗಳು ಆಗಲೇ ಸಾವಿರ ಡಾಲರ್‌ಗಿಂತ ಕಡಿಮೆಗೆ ಮನೆ ಕಂಪ್ಯೂಟರ್ ಮಾರತೊಡಗಿದ್ದವು, ಮಾನಿಟರ್ ಮಾತ್ರ ಬೇರೆ. ವಾಲ್ಟರ್ ಐಸಾಕ್‌ಸನ್ ಬರೆದ ಜೀವನಚರಿತ್ರೆಯ ಪ್ರಕಾರ ಜಾಬ್ಸ್ ಈ ಸಲ ಬೆಲೆಯಿಂದಲೇ ಶುರುಮಾಡಿದರು: ಪೆಟ್ಟಿಗೆ ತೆರೆದ ಕೂಡಲೇ ಕೆಲಸಕ್ಕೆ ಸಿದ್ಧವಾಗಿರುವ ಯಂತ್ರ, ಸುಮಾರು 1,200 ಡಾಲರ್. ಆಗ ಎರಡು ಸಾವಿರದ ಕೆಳಗೆ ಕಂಪನಿಯ ಬಳಿ ಯಾವ ಕಂಪ್ಯೂಟರೂ ಇರಲಿಲ್ಲ ಎನ್ನುತ್ತದೆ ಆ ಪುಸ್ತಕ. ಸಾವಿರದೊಳಗಿನ ಪೈಪೋಟಿಗೆ ಇಳಿಯದೆ, ಮಾನಿಟರ್ ಸೇರಿಸಿ ಹೋಲಿಸಿದರೆ ಹೆಚ್ಚು ಅನಿಸದ ಜಾಗದಲ್ಲಿ ಬೆಲೆಯ ಗೂಟ ನೆಟ್ಟರು. ಮಿಕ್ಕದ್ದೆಲ್ಲ ಆ ಗೂಟದ ಸುತ್ತ ಸುತ್ತಬೇಕಾಯಿತು.

ಗೂಟ ನೆಟ್ಟ ಮೇಲೆ ಉಳಿಯುವ ಪ್ರಶ್ನೆ ಎರಡೇ: ಏನನ್ನು ಬಿಡುವುದು, ಎಲ್ಲಿ ಸುರಿಯುವುದು. ಬಿಟ್ಟದ್ದರಲ್ಲಿ ಎಲ್ಲರ ಹುಬ್ಬೇರಿಸಿದ್ದು ಫ್ಲಾಪಿ ಡ್ರೈವ್. ಸಿಡಿ, ಇಂಟರ್ನೆಟ್ ಬರುತ್ತಿವೆ, ಫ್ಲಾಪಿಯ ಕಾಲ ಮುಗಿಯಿತು ಎಂಬುದು ಲೆಕ್ಕಾಚಾರ. ಹಳೆಯ ಬಗೆಯ ಪ್ರಿಂಟರ್, ಕೀಬೋರ್ಡ್ ಪೋರ್ಟುಗಳನ್ನೂ ಕಿತ್ತು ಎರಡೇ ಎರಡು ಯುಎಸ್‌ಬಿ ಕೊಟ್ಟರು. ಬಿಡದೆ ಉಳಿಸಿಕೊಂಡದ್ದು 233 ಮೆಗಾಹರ್ಟ್ಸ್‌ನ ಜಿ3 ಪ್ರೊಸೆಸರ್. ಅದು ಕಂಪನಿಯ ದುಬಾರಿ ಯಂತ್ರಗಳಲ್ಲಿದ್ದ ಕುಲದ್ದೇ. 32 ಮೆಗಾಬೈಟ್ ಮೆಮೊರಿ ಆ ಕಾಲಕ್ಕೆ ಧಾರಾಳವಲ್ಲ, ಆದರೆ ಈ ಸಲ ಅದನ್ನು ಹೆಚ್ಚಿಸಿಕೊಳ್ಳಲು ಒಳಗೆ ಜಾಗವಿತ್ತು. ಮೇ ತಿಂಗಳಲ್ಲಿ ಯಂತ್ರ ತೋರಿಸಿದಾಗ 33.6 ಕಿಲೋಬಿಟ್ ಮೋಡೆಮ್ ಎಂದಿದ್ದರು. ಜನ ಮೂಗು ಮುರಿದದ್ದು ನೋಡಿ ಆಗಸ್ಟ್‌ಗೆ ಅದನ್ನು 56 ಕಿಲೋಬಿಟ್ ಮಾಡಿದರು. ಬೆಲೆ ಮಾತ್ರ ಅಲುಗಲಿಲ್ಲ.

ದುಡ್ಡು ಸುರಿದದ್ದು ಕವಚದ ಮೇಲೆ. ಜೋನಿ ಐವ್ ನೇತೃತ್ವದ ವಿನ್ಯಾಸ ತಂಡ ರೂಪಿಸಿದ ನೀಲಿ-ಹಸಿರಿನ ಅರೆಪಾರದರ್ಶಕ ಪ್ಲಾಸ್ಟಿಕ್ ಕವಚಕ್ಕೆ ಒಂದೊಂದಕ್ಕೂ 60 ಡಾಲರ್‌ಗೂ ಹೆಚ್ಚು ತಗಲುತ್ತಿತ್ತು, ಮಾಮೂಲಿ ಕಂಪ್ಯೂಟರಿನ ಕವಚದ ಸುಮಾರು ಮೂರು ಪಟ್ಟು. ಬಣ್ಣ ಎಲ್ಲ ಕಡೆ ಒಂದೇ ಸಮನಾಗಿ ಬರಿಸುವುದು ಹೇಗೆಂದು ತಿಳಿಯಲು ತಂಡದವರು ಬಣ್ಣಬಣ್ಣದ ಜೆಲ್ಲಿ ಮಿಠಾಯಿ ಮಾಡುವ ಕಾರ್ಖಾನೆಗೂ ಹೋಗಿದ್ದರು. ಹೊರಗಿನಿಂದ ಒಳಗು ಕಾಣುತ್ತದೆ ಎಂದ ಮೇಲೆ ಒಳಗಿನ ಲೋಹದ ಹೊದಿಕೆಯನ್ನೂ ಅಂದವಾಗಿಸಬೇಕು, ಅದಕ್ಕೂ ಖರ್ಚು. ಮೇಲೊಂದು ಹಿಡಿಕೆ. ಹದಿನೇಳು ಕೆಜಿ ತೂಗುವ, ಗಾಜಿನ ಕೊಳವೆಯ ಮಾನಿಟರ್ ಇರುವ ಯಂತ್ರವನ್ನು ಯಾರೂ ಹಿಡಿಕೆ ಹಿಡಿದು ತೂಗಾಡಿಸಿಕೊಂಡು ಹೋಗುವುದಿಲ್ಲ. ಕಂಪ್ಯೂಟರ್ ಎಂದರೆ ಮುಟ್ಟಲು ಹೆದರುವವರಿಗೆ ಆ ಹಿಡಿಕೆ ಬಾ, ಮುಟ್ಟು ಎನ್ನುತ್ತದೆ ಎಂಬುದು ಐವ್ ಕೊಟ್ಟ ಕಾರಣ. ಖರ್ಚಿನ ಪಟ್ಟಿ ಹಿಡಿದ ಯಾವ ಲೆಕ್ಕಿಗನೂ ಮೊದಲು ಹೊಡೆದುಹಾಕುವ ಸಾಲು ಅದು.

ಇಲ್ಲಿದೆ ಎರಡು ಯಂತ್ರಗಳ ನಡುವಿನ ಮುಖ್ಯ ವ್ಯತ್ಯಾಸ. 1984ರಲ್ಲಿ ಕತ್ತರಿ ಬಿದ್ದದ್ದು ಬಳಸುವವನಿಗೆ ದಿನವೂ ನೋಯುವ ಜಾಗದಲ್ಲಿ, ಮೆಮೊರಿಯಲ್ಲಿ. ದುಡ್ಡು ಹೋದದ್ದು ಅವನ ಮನೆಗೆ ಬರದ ಜಾಹೀರಾತಿಗೆ. 1998ರಲ್ಲಿ ಕತ್ತರಿ ಬಿದ್ದದ್ದು ಕೆಲವು ವರ್ಷಗಳಲ್ಲಿ ತಾನಾಗಿ ಮೂಲೆ ಸೇರಲಿದ್ದ ಫ್ಲಾಪಿಗೆ. ದುಡ್ಡು ಹೋದದ್ದು ಮನೆಯಲ್ಲಿ ದಿನವೂ ಕಣ್ಣಿಗೆ ಬೀಳುವ ಕವಚಕ್ಕೆ. ಮೊದಲ ಆರು ವಾರದಲ್ಲಿ 2,78,000, ವರ್ಷಾಂತ್ಯಕ್ಕೆ ಎಂಟು ಲಕ್ಷ ಐಮ್ಯಾಕ್ ಮಾರಾಟವಾದವು. ಕೊಂಡವರಲ್ಲಿ ಶೇಕಡಾ 32 ಮಂದಿ ಅದುವರೆಗೆ ಕಂಪ್ಯೂಟರನ್ನೇ ಕೊಂಡಿರಲಿಲ್ಲ ಎಂದು ಕಂಪನಿ ಹೇಳಿತು. ಮನೆಗೆ ಮೊದಲ ಕಂಪ್ಯೂಟರ್ ತರುವವನಿಗೆ ಫ್ಲಾಪಿಗಳ ಹಳೆಯ ಸಂಗ್ರಹ ಎಲ್ಲಿಂದ ಬರಬೇಕು? ಲೆಕ್ಕ ಸರಿಯಾಗಿತ್ತು.

ಎಲ್ಲವೂ ಸರಿಯಾಗಿತ್ತೆಂದಲ್ಲ. ಜೊತೆಗೆ ಕೊಟ್ಟ ದುಂಡನೆಯ ಮೌಸ್ ಕೈಗೆ ನೆಟ್ಟಗೆ ಕೂರದೆ ಬೈಸಿಕೊಂಡು ಎರಡು ವರ್ಷದಲ್ಲಿ ಮರೆಯಾಯಿತು. ಫ್ಲಾಪಿ ಬಿಡಲಾಗದವರು ಬೇರೆ ಕಂಪನಿಗಳ ಯುಎಸ್‌ಬಿ ಡ್ರೈವ್ ಕೊಂಡರು. ಬೆಲೆಪಟ್ಟಿಯಿಂದ ಇಳಿದ ಖರ್ಚು ಎಲ್ಲರ ಪಾಲಿಗೂ ಮಾಯವಾಗುವುದಿಲ್ಲ. ಕೆಲವರ ತಲೆಗೆ ಸುತ್ತಿಕೊಳ್ಳುತ್ತದೆ.

ಮೊದಲೇ ಬೆಲೆ ಹೇಳಿ ಗೂಟ ನೆಡುವುದರಲ್ಲಿ ಒಂದು ಅಪಾಯವಿದೆ: ಬಿಡಿಭಾಗಗಳ ಮಾರುಕಟ್ಟೆ ಕಂಪನಿಯ ಮಾತು ಕೇಳುವುದಿಲ್ಲ. 2002ರ ಜನವರಿಯಲ್ಲಿ ಹೇಳಿದ ಆ 1,299ಕ್ಕೆ ಆದದ್ದು ಅದೇ. ಅರ್ಧಗೋಳದ ಮೇಲೆ ಲೋಹದ ಕತ್ತು, ಕತ್ತಿನ ತುದಿಯಲ್ಲಿ 15 ಇಂಚಿನ ಎಲ್‌ಸಿಡಿ ಪರದೆ ಇದ್ದ ಯಂತ್ರ ಅದು. ಅದೇ ಹೊತ್ತಿಗೆ ಎಲ್‌ಸಿಡಿ ಮತ್ತು ಮೆಮೊರಿ ದರ ಜಿಗಿಯಿತು. ಮಾರ್ಚ್‌ನಲ್ಲಿ ಆ್ಯಪಲ್ ಎಲ್ಲ ಮಾದರಿಗಳಿಗೂ 100 ಡಾಲರ್ ಏರಿಸಬೇಕಾಯಿತು. ಬಿಡಿಯಾಗಿ ಮಾರುವವನಾದರೆ ಮಾನಿಟರಿನ ಬೆಲೆ ಮಾತ್ರ ಏರಿಸುತ್ತಿದ್ದ, ಗಿರಾಕಿ ಹಳೆಯ ಮಾನಿಟರಿನಲ್ಲೇ ದಿನ ದೂಡುತ್ತಿದ್ದ. ಒಂದೇ ಪೆಟ್ಟಿಗೆಯಲ್ಲಿ ಒಂದು ಭಾಗದ ಬಿಸಿ ಪೂರ್ತಿ ಯಂತ್ರಕ್ಕೆ ತಟ್ಟುತ್ತದೆ. ಶಾಲೆಗಳಿಗೆಂದು ಹಳೆಯ ಗಾಜಿನ ಕೊಳವೆಯ ಮಾನಿಟರನ್ನೇ ಹಾಕಿ, ಕಡಿಮೆ ಬೆಲೆಯ ‘ಇಮ್ಯಾಕ್’ ಎಂಬ ಇನ್ನೊಂದು ಯಂತ್ರವನ್ನು ಆ ವರ್ಷವೇ ತರಬೇಕಾಯಿತು.

ಇದರ ತದ್ವಿರುದ್ಧ ಉದಾಹರಣೆ 2014ರದು. ಆ ವರ್ಷ ಡೆಲ್ ಕಂಪನಿ 27 ಇಂಚಿನ 5ಕೆ ಮಾನಿಟರನ್ನು ಸುಮಾರು 2,500 ಡಾಲರ್‌ಗೆ ಘೋಷಿಸಿತು. ಮುಂದಿನ ತಿಂಗಳೇ ಆ್ಯಪಲ್ ಅಷ್ಟೇ ಸೂಕ್ಷ್ಮದ 27 ಇಂಚಿನ ಪರದೆಯುಳ್ಳ ಐಮ್ಯಾಕನ್ನು 2,499 ಡಾಲರ್‌ಗೆ ತಂದಿತು. ಅಲ್ಲಿ ಬರೀ ಮಾನಿಟರಿಗೆ ಕೊಡುವ ದುಡ್ಡಿಗೆ ಇಲ್ಲಿ ಮಾನಿಟರಿನ ಜೊತೆ ಪೂರ್ತಿ ಕಂಪ್ಯೂಟರ್! ಅಡ್ಡಕ್ಕೆ 5,120, ಉದ್ದಕ್ಕೆ 2,880 ಎಂದರೆ ಸುಮಾರು ಒಂದೂವರೆ ಕೋಟಿ ಚುಕ್ಕಿಗಳು. ಅಷ್ಟನ್ನು ಸೆಕೆಂಡಿಗೆ 60 ಸಲ ಸಾಗಿಸಲು ಆಗಿನ ಒಂದು ಡಿಸ್‌ಪ್ಲೇ ಕೇಬಲ್‌ನಿಂದ ಆಗುತ್ತಿರಲಿಲ್ಲ. ಡೆಲ್ ಎರಡು ಕೇಬಲ್ ಬಳಸಿತು. ಎಲ್ಲವೂ ಒಂದೇ ಮೈಯೊಳಗೆ ಇದ್ದುದರಿಂದ ಆ್ಯಪಲ್ ಹೊರಗಿನ ಕೇಬಲ್‌ನ ಕಟ್ಟುಪಾಡು ಮೀರಿ ಪರದೆ ನಡೆಸುವ ಚಿಪ್ಪನ್ನು ತಾನೇ ರೂಪಿಸಿಕೊಂಡಿತು. 1979ರಲ್ಲಿ ರಾಸ್ಕಿನ್ ಹೇಳಿದ ಒಂದೇ ಮುದ್ದೆಯ ಲಾಭ ಅತಿ ಚೆನ್ನಾಗಿ ಕಂಡದ್ದು ಇಲ್ಲಿ.

ಆ ಲಾಭದ ಬೆಲೆ ಎಷ್ಟೆಂಬುದು ಅದು ಕೈತಪ್ಪಿದಾಗ ತಿಳಿಯಿತು. 2020ರ ಕೊನೆಯ 27 ಇಂಚಿನ ಐಮ್ಯಾಕ್ 1,799 ಡಾಲರ್‌ಗೆ ಸಿಗುತ್ತಿತ್ತು. 2022ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದ ಆ್ಯಪಲ್, ಅದೇ ಅಳತೆಯ 5ಕೆ ಪರದೆಯನ್ನು ಬಿಡಿ ಮಾನಿಟರಾಗಿ ಮಾರತೊಡಗಿತು. ಅದೊಂದಕ್ಕೇ 1,599 ಡಾಲರ್. ಕಂಪ್ಯೂಟರ್ ಬೇರೆ ಕೊಳ್ಳಬೇಕು. ಹೊಸ ಕಂಪ್ಯೂಟರುಗಳು ವೇಗದಲ್ಲಿ ಬಲು ಮುಂದು, ನಿಜ. ಆದರೆ ಒಂದು ಪೆಟ್ಟಿಗೆ ಎರಡಾದ ಕೂಡಲೇ ಒಟ್ಟು ಬೆಲೆಯ ಲೆಕ್ಕವೇ ಬೇರೆಯಾಯಿತು.

ಇನ್ನು ಇತ್ತೀಚಿನ 1,299ಕ್ಕೆ ಬರೋಣ. 2021ರ ಯಂತ್ರದಲ್ಲಿ ಕತ್ತರಿ ಆಡಿದ ಬಗೆ ಜಾಣತನದ್ದು. ಜಾಹೀರಾತಿನಲ್ಲಿ ಕಾಣುತ್ತಿದ್ದ ಆರಂಭಿಕ ಬೆಲೆಗೆ ಸಿಗುತ್ತಿದ್ದ ಮಾದರಿಯಲ್ಲಿ ಏಳರ ಬದಲು ನಾಲ್ಕೇ ಬಣ್ಣ, ಹಿಂದೆ ಎರಡೇ ಪೋರ್ಟು, ಬೆರಳಚ್ಚು ಗುರುತಿಸದ ಕೀಬೋರ್ಡು, ಎಂಟು ಜಿಬಿ ಮೆಮೊರಿ. ಅದನ್ನು ಹದಿನಾರು ಮಾಡಿಸಬೇಕೆಂದರೆ ಅಮೆರಿಕದಲ್ಲಿ 200 ಡಾಲರ್, ಭಾರತದಲ್ಲಿ 20,000 ರೂಪಾಯಿ ಹೆಚ್ಚುವರಿ ಕೊಡಬೇಕಿತ್ತು. ಕೊಳ್ಳುವಾಗಲೇ ಮಾಡಿಸಬೇಕಿತ್ತು, ಆಮೇಲೆ ಹಾಕಿಸಲು ಬರುತ್ತಿರಲಿಲ್ಲ. ಮುಂಬಾಗಿಲಲ್ಲಿ ತಗ್ಗಿನ ಬೆಲೆ ತೋರಿಸಿ, ಒಳಗೆ ಒಂದೊಂದು ಮೆಟ್ಟಿಲಿಗೂ ದುಡ್ಡು ವಸೂಲು ಮಾಡುವ ಪದ್ಧತಿ ಇದು. ಲಾಭ ಕೂತಿರುವುದು ಆ ಮೆಟ್ಟಿಲುಗಳಲ್ಲಿ. 2024ರಲ್ಲಿ ಅದೇ ಬೆಲೆಗೆ ಹದಿನಾರು ಜಿಬಿ ಕೊಟ್ಟರು. ಮೊದಲ ಮೆಟ್ಟಿಲು ಹೊಸಿಲಾಯಿತು.

ತೆಳುವಿಗೂ ಒಂದು ಬೆಲೆಯಿದೆ. 11.5 ಮಿಲಿಮೀಟರ್ ದಪ್ಪದಲ್ಲಿ ವಿದ್ಯುತ್ ಪೂರೈಕೆಯ ಭಾಗ ಹಿಡಿಸಲಿಲ್ಲ, ಅದು ಹೊರಗಿನ ಅಡಾಪ್ಟರ್ ಆಗಿ ನೆಲಕ್ಕಿಳಿಯಿತು. ಹೆಡ್‌ಫೋನ್ ಪಿನ್ನಿನ ಉದ್ದ ಪೆಟ್ಟಿಗೆಯ ದಪ್ಪಕ್ಕಿಂತ ಹೆಚ್ಚಾದ್ದರಿಂದ ಅದರ ತೂತು ಹಿಂಬದಿ ಬಿಟ್ಟು ಪಕ್ಕಕ್ಕೆ ಬಂತು. ಕಣ್ಣಿಗೆ ಹಿತ, ಸರಿ. ಗೋಡೆಯ ಕಡೆ ಮುಖ ಮಾಡಿ ಕೂರುವ ಬೆನ್ನು ಅಷ್ಟು ತೆಳ್ಳಗಿರಲೇಬೇಕಿತ್ತೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ನಮ್ಮಲ್ಲಿ ಈ ಯಂತ್ರದ ದರ ನೋಡಿದ ಕೂಡಲೇ ಕೇಳಿಬರುವ ಮಾತು: ಅಮೆರಿಕದಲ್ಲಿ ಅಗ್ಗ, ಇಲ್ಲಿ ಸುಲಿಗೆ. ಲೆಕ್ಕ ಹಾಕಿಯೇ ನೋಡೋಣ. 2024ರ ನವೆಂಬರ್‌ನಲ್ಲಿ ಡಾಲರ್ ಸುಮಾರು 84 ರೂಪಾಯಿ. 1,299 ಡಾಲರ್ ಎಂದರೆ 1,09,116. ಅಮೆರಿಕದ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ, ಬಿಲ್ ಮಾಡುವಾಗ ರಾಜ್ಯಕ್ಕೊಂದರಂತೆ ಸೇರುತ್ತದೆ. ನಮ್ಮ ಎಂಆರ್‌ಪಿಯಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿಯೇ ಇರುತ್ತದೆ. ಅದನ್ನು ಕೂಡಿಸಿದರೆ 1,28,757. ಇಲ್ಲಿ ಹಾಕಿದ ಬೆಲೆ 1,34,900. ಉಳಿಯುವುದು ಆರು ಸಾವಿರ ಚಿಲ್ಲರೆ. ಮಾಹಿತಿ ತಂತ್ರಜ್ಞಾನದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ ಕಂಪ್ಯೂಟರುಗಳ ಮೇಲೆ ಮೂಲ ಆಮದು ಸುಂಕ ಇಲ್ಲ. ಹಾಗಾಗಿ ವ್ಯತ್ಯಾಸದ ಸಿಂಹಪಾಲು ನಮ್ಮದೇ ತೆರಿಗೆ. ಬೆಲೆ ಭಾರವಾಗಿ ಕಾಣುವುದು ನಮ್ಮ ಸಂಬಳದ ಪಕ್ಕದಲ್ಲಿಟ್ಟು ನೋಡಿದಾಗ. 1,299 ಎಂಬ ಗೂಟ ನೆಟ್ಟದ್ದು ಅಮೆರಿಕದ ಮಧ್ಯಮ ವರ್ಗದ ಜೇಬು ಅಳೆದು. ನಮ್ಮ ಜೇಬು ಆ ಅಳತೆಯಲ್ಲಿ ಇರಲಿಲ್ಲ.

ಯಾವ ಕಂಪನಿಯದೇ ಇರಲಿ, ಮನೆಗೆ ಆಲ್ ಇನ್ ಒನ್ ತರುವವರು ಬೆಲೆಯ ಹಿಂದಿನ ಚೌಕಾಸಿಯನ್ನು ಓದಬೇಕು. ಇದರಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿದರೆ ಅಂಗಡಿಯವನು ಹೇಳಿದ್ದೇ ಗೊತ್ತಾಗುತ್ತದೆ. ಈ ಬೆಲೆಗೆ ತರಲು ಏನನ್ನು ಬಿಟ್ಟಿದ್ದಾರೆ ಎಂದು ಕೇಳಿದರೆ ಯಂತ್ರದ ಆಯುಷ್ಯ ತಿಳಿಯುತ್ತದೆ. ಬಿಟ್ಟದ್ದು ಹೊರಗಿನಿಂದ ಜೋಡಿಸಬಹುದಾದ ಡ್ರೈವ್, ಚಂದದ ಕೀಬೋರ್ಡ್, ಇನ್ನೊಂದು ಬಣ್ಣ ಆಗಿದ್ದರೆ ನಷ್ಟವಿಲ್ಲ. ಬಿಟ್ಟದ್ದು ಮೆಮೊರಿಯೋ ಪರದೆಯೋ ಆಗಿದ್ದರೆ ಆ ಉಳಿತಾಯ ಕಂಪನಿಯದು, ನಿಮ್ಮದಲ್ಲ; ನಾಲ್ಕು ವರ್ಷಕ್ಕೆ ಕಂಪ್ಯೂಟರ್ ಕುಂಟತೊಡಗಿದಾಗ ಗಟ್ಟಿಮುಟ್ಟಾದ ಪರದೆಯನ್ನೂ ಜೊತೆಗೇ ಗುಜರಿಗೆ ಹಾಕಬೇಕಾಗುತ್ತದೆ. ಆಮೇಲೆ ಬದಲಿಸಲಾಗದ್ದಕ್ಕೆ ಈಗಲೇ ದುಡ್ಡು ಹಾಕಿ. ಆಮೇಲೆ ಸಿಗುವಂಥದ್ದನ್ನು ಆಮೇಲೆಯೇ ಕೊಳ್ಳಿ.